ಬಾಯಿ ಮೇಲೆ ಬೆರಳಿಲ್ಲದ ಮೌನ

ತುಮಕೂರು ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಆರು ವರ್ಷ ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಪಾಠ ಮಾಡಿದವಳು ನಾನು. ಅಲ್ಲಿ ನನಗೆ ಚೆನ್ನಾಗಿ ಕೈವಶವಾಗಿದ್ದ ವಿದ್ಯೆ ಒಂದೇ: "ಕೈ ಕಟ್ಟು, ಬಾಯಿ ಮೇಲೆ ಬೆರಳು." ಐವತ್ತು ಮಕ್ಕಳ ಗಲಾಟೆ ಒಂದೇ ಕೂಗಿಗೆ ಅಡಗುತ್ತಿತ್ತು. ಹೆಡ್‌ಮಾಸ್ಟರು ಕಿಟಕಿಯಲ್ಲಿ ಇಣುಕಿ, ತಲೆಯಾಡಿಸಿ ಹೋಗುತ್ತಿದ್ದರು.

ಮದುವೆಯಾಗಿ ಫಿಲಡೆಲ್ಫಿಯಾದ ಹೊರವಲಯಕ್ಕೆ ಬಂದ ಮೇಲೆ ನನಗೆ ಮೊದಲು ಸಿಕ್ಕ ಕೆಲಸ ಒಂದು ಕ್ವೇಕರ್ ಶಾಲೆಯಲ್ಲಿ, ಶಾಲೆ ಬಿಟ್ಟ ನಂತರ ಮಕ್ಕಳನ್ನು ನೋಡಿಕೊಳ್ಳುವ ಆಫ್ಟರ್ ಸ್ಕೂಲ್ ವಿಭಾಗದ ಸಹಾಯಕಿಯದು. ಎರಡನೇ ದಿನವೇ ನನ್ನ ವಿದ್ಯೆ ಪ್ರಯೋಗಿಸಿದೆ. ಹನ್ನೊಂದು ಮಕ್ಕಳು ಸುಮ್ಮನೆ ನನ್ನ ಮುಖ ನೋಡಿದರು. ಐದು ವರ್ಷದ ಒಬ್ಬ ಮಾತ್ರ ವಿಧೇಯನಾಗಿ ಬೆರಳನ್ನು ತುಟಿಯ ಮೇಲಿಟ್ಟುಕೊಂಡು, ಆ ಬೆರಳಿನ ಪಕ್ಕದಿಂದಲೇ ಕೇಳಿದ: "ಯಾಕೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ನೋಡಿ.

ಊರಿಗೆ ಫೋನ್ ಮಾಡಿ ಕ್ವೇಕರ್ ಸ್ಕೂಲು ಅಂದರೆ ನಮ್ಮಣ್ಣ, "ಆ ಓಟ್ಸ್ ಡಬ್ಬಿಯವರದ್ದಾ?" ಅಂದ. ಅಲ್ಲ. ಆ ಕಂಪನಿಗೂ ಈ ಪಂಥಕ್ಕೂ ಸಂಬಂಧವಿಲ್ಲ. ಕ್ವೇಕರರು ಪ್ರಾಮಾಣಿಕ ವ್ಯಾಪಾರಿಗಳು ಅನ್ನುವ ಹೆಸರಿತ್ತಲ್ಲ, 1877ರಲ್ಲಿ ಆ ಹೆಸರನ್ನು ಡಬ್ಬಿಗೆ ಹಾಕಿಕೊಂಡರು, ಅಷ್ಟೆ. ಇವರು ತಮ್ಮನ್ನು ಕರೆದುಕೊಳ್ಳುವುದು 'ಫ್ರೆಂಡ್ಸ್' ಎಂದು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮತ್ತು ಅವನ ಜೊತೆಯವರಿಂದ ಶುರುವಾದ ಪಂಥ. ಪ್ರತಿಯೊಬ್ಬರೊಳಗೂ ದೇವರ ಅಂಶ ಇದೆ, ಅದನ್ನು ಕೇಳಿಸಿಕೊಳ್ಳಲು ಮಧ್ಯಸ್ಥರು ಬೇಡ ಅನ್ನುವುದು ಇವರ ಮೂಲ ಮಾತು. ಹಾಗಾಗಿ ನಾನು ಕಂಡ ಫಿಲಡೆಲ್ಫಿಯಾ ಕಡೆಯ ಸಭೆಗಳಲ್ಲಿ ಪಾದ್ರಿ ಇಲ್ಲ, ಪ್ರವಚನ ಇಲ್ಲ. ಎಲ್ಲರೂ ಸುಮ್ಮನೆ ಕೂರುತ್ತಾರೆ. ಒಳಗಿನಿಂದ ಮಾತು ಬಂದವರು ಎದ್ದು ಆಡುತ್ತಾರೆ, ಬಾರದಿದ್ದರೆ ಇಲ್ಲ. ಪೆನ್ಸಿಲ್ವೇನಿಯಾವನ್ನು ಸ್ಥಾಪಿಸಿದ ವಿಲಿಯಂ ಪೆನ್ ಕ್ವೇಕರನೇ. 1689ರಿಂದಲೇ ಇಲ್ಲಿ ಇವರ ಶಾಲೆಗಳಿವೆ. ಕೇರಳದಲ್ಲಿ ಕಡಿಮೆ ಖರ್ಚಿನ ಇಟ್ಟಿಗೆ ಮನೆಗಳನ್ನು ಕಟ್ಟಿದ ಲಾರಿ ಬೇಕರ್ ಕೂಡ ಕ್ವೇಕರ್ ಎಂದು ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ.

ಇವರ ಚರಿತ್ರೆಯಲ್ಲಿ ಕನ್ನಡದವಳಾದ ನನಗೆ ತಟ್ಟನೆ ಅರ್ಥವಾದ ಒಂದು ಸಂಗತಿ ಇದೆ. ಆ ಕಾಲದ ಇಂಗ್ಲಿಷಿನಲ್ಲೂ ನಮ್ಮ 'ನೀನು–ನೀವು' ಥರ ಎರಡು ರೂಪ ಇದ್ದವು. ದೊಡ್ಡವರಿಗೆ 'ಯೂ', ಸರೀಕರಿಗೆ, ಚಿಕ್ಕವರಿಗೆ 'ಥೌ'. ಕ್ವೇಕರರು ನ್ಯಾಯಾಧೀಶರಿಗೂ ಜಮೀನ್ದಾರರಿಗೂ 'ನೀನು' ಅಂದೇಬಿಟ್ಟರು. ಯಾರ ಮುಂದೆಯೂ ಟೋಪಿ ತೆಗೆಯಲಿಲ್ಲ. ಏಟು ತಿಂದರು, ಜೈಲಿಗೂ ಹೋದರು. ತಾಲ್ಲೂಕು ಕಚೇರಿಯಲ್ಲಿ ತಹಸೀಲ್ದಾರರಿಗೆ "ನೀನು ಕೂತ್ಕೋ" ಅಂದ ಹಾಗೆ ಎಂದು ಊಹಿಸಿಕೊಳ್ಳಿ! ಅದರ ಉಳಿಕೆ ಇವತ್ತಿಗೂ ನಮ್ಮ ಶಾಲೆಯಲ್ಲಿದೆ: ಮಕ್ಕಳು ನಮ್ಮನ್ನು ಕರೆಯುವುದು 'ಟೀಚರ್' ಜೊತೆಗೆ ನಮ್ಮ ಹೆಸರು ಸೇರಿಸಿ. ಮಿಸೆಸ್, ಮಿಸ್ಟರ್ ಇಲ್ಲ. ನಾವು ಪ್ರಿನ್ಸಿಪಾಲರನ್ನೂ ಬರೀ ಹೆಸರು ಹಿಡಿದೇ ಕರೆಯಬೇಕು. ಅವರಿಗೆ ಅರವತ್ತು ದಾಟಿತ್ತು. ಮೂರು ತಿಂಗಳು ನನ್ನ ಬಾಯಲ್ಲಿ ಆ ಹೆಸರು ಹೊರಡಲಿಲ್ಲ. ಗಂಡನ ಹೆಸರು ಹೇಳದ ನಮ್ಮಜ್ಜಿಯ ಹಾಗೆ, ಎದುರಿಗೆ ಹೋಗಿ ನಿಂತು ಅವರೇ ನೋಡುವವರೆಗೆ ಕಾಯುತ್ತಿದ್ದೆ.

ಎರಡನೇ ವರ್ಷ ಬೆಳಗ್ಗೆ ನಾಲ್ಕು ವರ್ಷದವರ ತರಗತಿಗೆ ಸಹಶಿಕ್ಷಕಿ, ಮಧ್ಯಾಹ್ನದಿಂದ ಆಫ್ಟರ್ ಸ್ಕೂಲ್ ಎಂದಾಯಿತು. ವಾರಕ್ಕೊಮ್ಮೆ ಮಕ್ಕಳನ್ನು ಪಕ್ಕದ ಮೀಟಿಂಗ್ ಹೌಸ್‌ಗೆ, ಅಂದರೆ ಕ್ವೇಕರರು ಮೌನವಾಗಿ ಕೂರುವ ಸಭಾಮನೆಗೆ, ಕರೆದೊಯ್ಯುತ್ತೇವೆ. ಎದುರುಬದುರು ಹಳೆಯ ಮರದ ಬೆಂಚುಗಳು, ಬೋಳು ಗೋಡೆ, ಒಂದು ಪಟವೂ ಇಲ್ಲ. ಮೊದಲ ಸಲ ನಾನು ಮನೆಯಿಂದ ಸಣ್ಣ ಹಿತ್ತಾಳೆ ಗಂಟೆ ಒಯ್ದಿದ್ದೆ, ಶುರುವಾಯಿತೆಂದು ಸೂಚಿಸಲು. ಮುಖ್ಯ ಶಿಕ್ಷಕಿ ನಕ್ಕು ಅದನ್ನು ತಮ್ಮ ಜೇಬಿಗೆ ಹಾಕಿಕೊಂಡರು. "ಯಾರು ಮೊದಲು ಬಂದು ಕೂರುತ್ತಾರೋ ಅವರು ಕೂತಾಗಲೇ ಮೀಟಿಂಗ್ ಶುರು. ನೀನು ಹೋಗಿ ಕೂತ್ಕೋ." ನಾನು ಕೂತೆ. ಕೂತಲ್ಲಿಂದಲೇ "ಶ್, ಶ್" ಅನ್ನತೊಡಗಿದೆ. ಹೊರಗೆ ಬಂದ ಮೇಲೆ ಅವರು ಮೆಲ್ಲಗೆ ಹೇಳಿದರು, "ಇವತ್ತು ಅಲ್ಲಿ ಎಲ್ಲರಿಗಿಂತ ಹೆಚ್ಚು ಸದ್ದು ಮಾಡಿದವಳು ನೀನೇ."

ಆಮೇಲೆ ನಾನು ಮಾಡಿದ್ದು ಇಷ್ಟು. ತರಗತಿಯಲ್ಲೇ ದಿನಕ್ಕೆ ಒಂದು ನಿಮಿಷದಿಂದ ಆರಂಭಿಸಿದೆ. 'ಮಾತಾಡಬೇಡಿ' ಅನ್ನುವುದನ್ನು ಬಿಟ್ಟು ಏನಾದರೂ ಕೆಲಸ ಕೊಟ್ಟೆ: ಅತಿ ದೂರದ ಸದ್ದು ಯಾವುದು, ಹುಡುಕಿ. ಹೀಟರಿನ ಪೈಪು ಟಕ್ ಟಕ್ ಅನ್ನುವುದು, ಹೊರಗೆ ಕಸದ ಲಾರಿ, ಯಾರದೋ ಹೊಟ್ಟೆ ಗುರ್ ಅನ್ನುವುದು. ತೊರೆಯಿಂದ ತಂದ ನುಣುಪು ಕಲ್ಲೊಂದನ್ನು ಒಬ್ಬೊಬ್ಬರ ಅಂಗೈಯಲ್ಲಿಟ್ಟು, ಅದು ಬೆಚ್ಚಗಾಗುವವರೆಗೆ ಕಾಯಿರಿ ಅಂದೆ. ಕಾಲು ಅಲ್ಲಾಡಿಸಿದರೆ ಬಿಟ್ಟೆ. ನಾಲ್ಕು ವರ್ಷದವರ ಕಾಲು ಅಲ್ಲಾಡದಿದ್ದರೆ ನಾನು ಜ್ವರ ನೋಡುತ್ತೇನೆ. ಚಳಿಗಾಲದ ಹೊತ್ತಿಗೆ ನಾಲ್ಕೈದು ನಿಮಿಷಕ್ಕೆ ಬಂದೆವು. ಅಷ್ಟು ಸಾಕು.

ಕಷ್ಟವಾಗಿದ್ದು ಮಕ್ಕಳಿಗಲ್ಲ, ನನಗೆ. ಮೌನದ ನಡುವೆ ಒಂದು ಮಗು ಎದ್ದು "ನಮ್ಮ ಬೆಕ್ಕು ಸತ್ತುಹೋಯಿತು" ಅಂದರೆ, ಯಾರೂ ಏನೂ ಹೇಳಬಾರದು. ಆ ಮಾತು ಕೋಣೆಯಲ್ಲಿ ಹಾಗೇ ಇರಬೇಕು. ಮುಂದಿನವರು ಮಾತಾಡುವ ಮೊದಲು ಸ್ವಲ್ಪ ಹೊತ್ತು ಬಿಡಬೇಕು. "ಅಯ್ಯೋ ಪಾಪ ಕಂದಾ" ಎಂದು ನನ್ನ ಗಂಟಲಿಗೆ ಬಂದದ್ದನ್ನು ನುಂಗುವುದು ಎಷ್ಟು ಕಷ್ಟ ಗೊತ್ತೇ! ಒಬ್ಬ ಹುಡುಗ ವರ್ಷವಿಡೀ ಬೆಂಚಿನ ಮೇಲೆ ಕೂರಲೇ ಇಲ್ಲ, ಕೆಳಗೆ ಮಲಗುತ್ತಿದ್ದ. ಎಳೆದು ಕೂರಿಸಲು ನಾನು ಬಗ್ಗಿದಾಗ ಮುಖ್ಯ ಶಿಕ್ಷಕಿ ಕಣ್ಣಲ್ಲೇ ಬೇಡ ಅಂದರು. ಮೇ ತಿಂಗಳ ಒಂದು ದಿನ ಬೆಂಚಿನ ಕೆಳಗಿನಿಂದ ಧ್ವನಿ ಬಂತು: "ನನಗೆ ಇಲ್ಲಿಂದ ಎಲ್ಲರ ಶೂ ಕಾಣುತ್ತೆ." ಮತ್ತೆ ಮೌನ. ಎಲ್ಲರೂ, ಪ್ರಿನ್ಸಿಪಾಲರೂ ಸೇರಿ, ತಮ್ಮ ತಮ್ಮ ಶೂ ನೋಡಿಕೊಂಡರು. ಕೊನೆಗೆ ಎಂದಿನಂತೆ ಪಕ್ಕದವರ ಕೈ ಕುಲುಕಿದರೆ ಮೀಟಿಂಗ್ ಮುಗಿಯಿತು. ಅವನು ಬೆಂಚಿನ ಕೆಳಗಿಂದಲೇ ಕೈ ಚಾಚಿದ.

ನಮ್ಮ ಕಡೆಯ ತಾಯಿಯೊಬ್ಬರು ಒಂದು ಸಂಜೆ ಬಾಗಿಲಲ್ಲಿ ತಡೆದು ಕೇಳಿದರು, "ಅಕ್ಕಾ, ಮಗಳನ್ನ ಮತಕ್ಕೆ ಗಿತಕ್ಕೆ ಸೇರಿಸ್ತಾರಾ?" ಇಲ್ಲ. ಇಲ್ಲಿನ ಹೆಚ್ಚಿನ ಮಕ್ಕಳೂ ಶಿಕ್ಷಕರೂ ಕ್ವೇಕರರಲ್ಲ. ಅದಕ್ಕಿಂತ ದೊಡ್ಡ ಚಿಂತೆ ಆಮೇಲೆ ಬಂತು: "ಇನ್ನೂ ಬರೆಯೋದಕ್ಕೇ ಕೂರಿಸಿಲ್ವಲ್ಲ." ಮರದ ಬ್ಲಾಕು, ನೀರಿನ ತೊಟ್ಟಿ, ಮಣ್ಣು, ಅಂಗಡಿಯಾಟ ಇವೇ ಇಲ್ಲಿ ಪಾಠ ಎಂದು ಹೇಳಿದರೆ ನಂಬುವುದು ನನಗೇ ಒಂದು ವರ್ಷ ಹಿಡಿದಿತ್ತು. ಅವರ ಮಗಳು ಅಂಗಡಿಯಾಟದಲ್ಲಿ ಬೆಲೆಪಟ್ಟಿ ಬರೆದು ಅಂಟಿಸಿದ್ದನ್ನು ತೋರಿಸಿದೆ. ಸ್ಪೆಲಿಂಗ್ ಎಲ್ಲ ತಪ್ಪು. ಅವರು ಫೋಟೊ ತೆಗೆದುಕೊಂಡರು. ಸಮಾಧಾನ ಆಯಿತೋ ಇಲ್ಲವೋ.

ಮಧ್ಯಾಹ್ನ 3:15ಕ್ಕೆ ಆಫ್ಟರ್ ಸ್ಕೂಲ್ ತೆರೆಯುತ್ತದೆ, ಸಂಜೆ 6ರವರೆಗೆ. ಬೆಳಗಿನ ತರಗತಿಗೆ ಬರುವ ಮಗುವೇ ಬೇರೆ, ನನ್ನ ಬಾಗಿಲಿಗೆ ಬರುವ ಮಗುವೇ ಬೇರೆ. ಹೊತ್ತುಕೊಂಡು ಬಂದ ತಾಳ್ಮೆಯೆಲ್ಲ ಅಷ್ಟರಲ್ಲಿ ಖರ್ಚಾಗಿರುತ್ತದೆ. ನಾನು ಮೊದಲು ಹಾಜರಿ, ಆಮೇಲೆ ವೃತ್ತದಲ್ಲಿ ಕೂತು ಮಾತು, ಆಮೇಲೆ ತಿಂಡಿ ಎಂದು ಚೆಂದದ ವೇಳಾಪಟ್ಟಿ ಬರೆದಿದ್ದೆ. ಮೊದಲ ವಾರವೇ ಹರಿದು ಹಾಕಿದೆ. ಬಂದ ಐದು ನಿಮಿಷದೊಳಗೆ ಕೈ ತೊಳೆಸಿ ತಿಂಡಿ ಕೊಡಬೇಕು. ಹಾಜರಿ ಅವರು ತಿನ್ನುವಾಗ ನಾನೇ ಎಣಿಸಿ ಹಾಕುತ್ತೇನೆ. ಈ ಒಂದು ಬದಲಾವಣೆಯಿಂದ ನಿಂತ ಜಗಳಗಳು, ಶಾಂತಿಯ ಬಗ್ಗೆ ನಾನು ಮಾಡಿದ ಎಲ್ಲ ಮಾತಿನಿಂದಲೂ ನಿಂತಿಲ್ಲ. ಕಡಲೆಕಾಯಿ ಅಲರ್ಜಿಯ ಮಕ್ಕಳಿರುವುದರಿಂದ ನಮ್ಮ ಚಿಕ್ಕಿ ನಿಷಿದ್ಧ. ಕಡ್ಲೆಪುರಿ ನಡೆಯುತ್ತದೆ, ಖಾರ ಹಾಕದೆ. ಸೇಬು, ಚೀಸ್ ಜೊತೆ ಅದೂ ಖಾಲಿಯಾಗುತ್ತದೆ.

ಪೆನ್ಸಿಲ್ವೇನಿಯಾದ ಶಿಶುಪಾಲನಾ ನಿಯಮದಲ್ಲಿ ಪ್ರಿಸ್ಕೂಲ್ ವಯಸ್ಸಿನ 10 ಮಕ್ಕಳಿಗೆ ಒಬ್ಬರು, ಶಾಲಾ ವಯಸ್ಸಿನ ಚಿಕ್ಕವರಾದರೆ 12ಕ್ಕೆ, ದೊಡ್ಡವರಾದರೆ 15ಕ್ಕೆ ಒಬ್ಬರು ಇರಬೇಕು. ಕೆಲಸಕ್ಕೆ ಸೇರುವ ಮುಂಚೆ ರಾಜ್ಯ ಪೊಲೀಸರದು, ಮಕ್ಕಳ ದೌರ್ಜನ್ಯ ದಾಖಲೆಯದು, ಎಫ್‌ಬಿಐ ಬೆರಳಚ್ಚಿನದು ಎಂದು ಮೂರು ತಪಾಸಣೆ. ಐದು ವರ್ಷಕ್ಕೊಮ್ಮೆ ಮತ್ತೆ. ಐವತ್ತು ಮಕ್ಕಳನ್ನು ಒಬ್ಬಳೇ ನೋಡಿಕೊಂಡಿದ್ದ ನನಗೆ ಈ ಲೆಕ್ಕ ಮೊದಲು ನಗು ತರಿಸಿತ್ತು. ಹನ್ನೆರಡು ಮಕ್ಕಳಿಗೆ ಹಿಮದ ಪ್ಯಾಂಟು, ಬೂಟು, ಕೈಗವಸು ತೊಡಿಸಿ ಮುಗಿಯುವಷ್ಟರಲ್ಲಿ ಮೊದಲನೆಯವಳು ಬಾತ್‌ರೂಮು ಅಂದಾಗ ನಗು ನಿಂತಿತು.

ಗೋಡೆಯ ಮೇಲೆ ಒಂದು ಪಟ್ಟಿ ಇದೆ: ಸರಳತೆ, ಶಾಂತಿ, ಸತ್ಯನಿಷ್ಠೆ, ಸಮುದಾಯ, ಸಮಾನತೆ, ಜೋಪಾನ. ಇಂಗ್ಲಿಷಿನಲ್ಲಿ ಇವುಗಳ ಮೊದಲ ಅಕ್ಷರ ಸೇರಿಸಿದರೆ 'ಸ್ಪೈಸಸ್' ಆಗುತ್ತದೆ. ನನ್ನ ಪಾಲಿಗೆ ಅದು ಸಾಂಬಾರು ಪುಡಿಯ ಪಟ್ಟಿಯೇ. ಆದರೆ ಹುಣಿಸೆಯೂ ಬೆಲ್ಲವೂ ಕೆಲವೊಮ್ಮೆ ಹೊಂದುವುದಿಲ್ಲ. ಮೈದಾನದಲ್ಲಿ ಹುಡುಗರು ಕಡ್ಡಿ ಹಿಡಿದು "ಡಿಷ್ಯುಂ" ಅನ್ನುತ್ತಿದ್ದರು. ಶಾಂತಿಯ ಶಾಲೆಯಲ್ಲಿ ಬಂದೂಕಿನ ಆಟವೇ? ನಿಲ್ಲಿಸಿ ಅಂದೆ. ಮರುದಿನ ಅದೇ ಕಡ್ಡಿ, ಅದೇ ಗುರಿ. ಕೇಳಿದರೆ, "ಬಂದೂಕಲ್ಲ, ನೀರಿನ ಪೈಪು." ಮಾರನೇ ದಿನ ಅದು ಮಂತ್ರದಂಡ. ಶಾಂತಿಗೆಂದು ನಾನು ಮಾಡಿದ ನಿಯಮ ಅವರಿಗೆ ಸುಳ್ಳು ಹೇಳುವುದನ್ನು ಕಲಿಸಿತ್ತು. ಪಟ್ಟಿಯ ಎರಡನೆಯದು ಮೂರನೆಯದನ್ನು ತಿಂದಿತ್ತು.

ನಾನೂ ದೀಪಾವಳಿಯಲ್ಲಿ ಕೇಪಿನ ಪಿಸ್ತೂಲು ಹಿಡಿದು ಅಣ್ಣನನ್ನು ಕೊಂದವಳೇ. ಆದರೆ ಇಲ್ಲಿನ ಮಕ್ಕಳು ಶಾಲೆಗೆ ನಿಜವಾದ ಬಂದೂಕು ಬಂದರೆ ಎಲ್ಲಿ ಅಡಗಬೇಕೆಂದು ಬಾಗಿಲು ಮುಚ್ಚಿ ಅಭ್ಯಾಸ ಮಾಡುವವರು. ಅವರ ಆಟ ನನ್ನ ಆಟವಲ್ಲ. ಹಾಗಾಗಿ ನಿಷೇಧ ತೆಗೆದು ಕೇಳುವುದಕ್ಕೆ ಶುರುಮಾಡಿದೆ. ಗುರಿಗೆ ಸಿಕ್ಕ ಮಗುವನ್ನು ಕರೆದು, "ನೀನು ಈ ಆಟದಲ್ಲಿದ್ದೀಯಾ?" ಇಲ್ಲ ಅಂದರೆ ಕಡ್ಡಿ ಹಿಡಿದವನು ಅದನ್ನು ಆ ಮಗುವಿನ ಬಾಯಿಂದಲೇ ಕೇಳಬೇಕು, ನನ್ನ ಬಾಯಿಂದಲ್ಲ. ಆಟ ನಿಂತಿಲ್ಲ. ಅಳು ಕಡಿಮೆಯಾಗಿದೆ.

ಬುಧವಾರ ದೊಡ್ಡ ಮಕ್ಕಳ ವ್ಯವಹಾರ ಸಭೆ. ಕ್ವೇಕರರು ಮತ ಹಾಕುವುದಿಲ್ಲ. ಎಲ್ಲರ ಮಾತು ಕೇಳಿ, ಸಭೆಯ ಒಲವು ಎತ್ತ ಇದೆ ಎಂದು ಗ್ರಹಿಸಿ ಹೇಳುವವರನ್ನು 'ಕ್ಲರ್ಕ್' ಅನ್ನುತ್ತಾರೆ. ನಮ್ಮಪ್ಪ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಕ್ಲರ್ಕ್ ಆಗಿದ್ದವರು. ಇಲ್ಲಿ ಕ್ಲರ್ಕೇ ಸಭೆ ನಡೆಸುವವನು ಅಂದಾಗ ಅವರಿಗೆ ಆದ ಸಂತೋಷ ಹೇಳತೀರದು. ನಮ್ಮ ಕ್ಲರ್ಕಿಗೆ ಒಂಬತ್ತು ವರ್ಷ. ಮೊದಲ ದೊಡ್ಡ ವಿವಾದ ಲೆಗೋ: ಒಬ್ಬರು ಕಟ್ಟಿದ್ದನ್ನು ಸಂಜೆ ಎತ್ತಿಡುವಾಗ ಬಿಚ್ಚಬೇಕೇ ಬೇಡವೇ? ನಾನಾದರೆ ಒಂದು ನಿಮಿಷದಲ್ಲಿ ತೀರ್ಪು ಕೊಡುತ್ತಿದ್ದೆ. ಮೂರು ಬುಧವಾರ ಹಿಡಿಯಿತು. ಕೊನೆಗೆ ಒಂದು ಕಪಾಟು, ಹೆಸರಿನ ಚೀಟಿ, ಶುಕ್ರವಾರದವರೆಗೆ ಯಾರೂ ಮುಟ್ಟಬಾರದು ಎಂದಾಯಿತು. ಒಬ್ಬ ಹುಡುಗಿ, "ನನಗೆ ಒಪ್ಪಿಗೆ ಇಲ್ಲ, ಆದರೆ ತಡೆಯೋದಿಲ್ಲ" ಅಂದಳು. ಇವರಲ್ಲಿ ಅದಕ್ಕೆ 'ಪಕ್ಕಕ್ಕೆ ನಿಲ್ಲುವುದು' ಎಂದು ಹೆಸರಿದೆ. ನಮ್ಮ ಗ್ರಾಮಸಭೆಗಳಲ್ಲಿ ಈ ಒಂದು ಪದ ಇದ್ದಿದ್ದರೆ ಎಷ್ಟು ಕುರ್ಚಿ ಉಳಿಯುತ್ತಿದ್ದವೋ.

ಇದೇನು ದೋಷವಿಲ್ಲದ ಪದ್ಧತಿಯಲ್ಲ. ಒಮ್ಮತದಲ್ಲೂ ಗಂಟಲು ದೊಡ್ಡದಿದ್ದವನೇ ಗೆಲ್ಲುತ್ತಾನೆ, ಉಳಿದವರು ಆಟಕ್ಕೆ ಹೋಗುವ ಆಸೆಗೆ 'ಹೂಂ' ಅನ್ನುತ್ತಾರೆ. ಅದಕ್ಕೇ ಈಗ ಕ್ಲರ್ಕ್ ಮೊದಲು ಅತಿ ಚಿಕ್ಕವರನ್ನು ಕೇಳುತ್ತಾನೆ. ಮಾತಾಡಲು ಹಿಂಜರಿಯುವವರು ಚಿತ್ರ ಬರೆದು ಕೊಡಬಹುದು. ದೊಡ್ಡವರ ದೋಷಕ್ಕೆ ಇಷ್ಟು ಸುಲಭದ ಮದ್ದಿಲ್ಲ. ಗೋಡೆಯ ಮೇಲೆ ಸಮಾನತೆ ಇದೆ, ವರ್ಷದ ಶುಲ್ಕ ಮಾತ್ರ ಹತ್ತಾರು ಸಾವಿರ ಡಾಲರ್. ಸಂಜೆಯ ನಮಗೆ ಗಂಟೆಯ ಲೆಕ್ಕದ ಕೂಲಿ. 1688ರಲ್ಲೇ ಇಲ್ಲಿನ ಜರ್ಮನ್‌ಟೌನಿನಲ್ಲಿ ಗುಲಾಮಗಿರಿ ತಪ್ಪೆಂದು ಬರೆದು ಸಹಿ ಹಾಕಿದವರು ಈ ಪಂಥದವರು. ಅದೇ ಪಂಥದ ವಿಲಿಯಂ ಪೆನ್ ತಾನೇ ಗುಲಾಮರನ್ನು ಇಟ್ಟುಕೊಂಡಿದ್ದ. ನಾಲ್ಕನೇ ತರಗತಿಯವರು ಇದನ್ನು ಓದಿ ಬಂದು ಸಂಜೆ ನನ್ನನ್ನು ಕೇಳಿದಾಗ ಹೌದು ಅಂದೆ, ಅಷ್ಟೇ ಅಂದೆ.

ಊರಿಂದ ತಂದ ಅಳಗುಳಿ ಮಣೆಯ ಮೇಲೂ ಸಭೆ ನಡೆದಿದೆ. ಮಕ್ಕಳು ನೋಡಿದ ಕೂಡಲೇ "ಮಂಕಾಲ!" ಎಂದು ಕೂಗಿದರು, ಅಂಗಡಿಯಲ್ಲಿ ಸಿಗುವ ಆ ಆಟದ ನಿಯಮ ಬೇರೆ. ಯಾರ ನಿಯಮದಲ್ಲಿ ಆಡುವುದು? ಮಣೆಯ ಯಜಮಾನಿಯ ನಿಯಮದಲ್ಲಿ ಎಂದು ತೀರ್ಮಾನವಾಯಿತು. ಹುಣಿಸೆ ಬೀಜ ಚಿಕ್ಕವರ ಕೈಗೆ ಸಿಗದ ಹಾಗೆ ಮೇಲಿನ ಕಪಾಟಿನಲ್ಲಿ.

ಸಭೆಯ ನಿರ್ಣಯವನ್ನು ಅಲ್ಲೇ ಬರೆದು, ಅಲ್ಲೇ ಓದಿ ಒಪ್ಪಿಸಬೇಕು, ಮನೆಗೆ ಹೋಗಿ ಬರೆಯುವಂತಿಲ್ಲ. ಕಳೆದ ಬುಧವಾರ ಕಡ್ಡಿಯ ವಿಷಯ ಬಂತು: ಮೈದಾನದಲ್ಲಿ ಎಷ್ಟು ಉದ್ದದ ಕಡ್ಡಿ ಹಿಡಿದು ಓಡಬಹುದು? ಮೊಣಕೈಯುದ್ದ ಎಂದು ಬಹುಪಾಲು ಒಪ್ಪಿದರು. ಆರು ವರ್ಷದವನೊಬ್ಬ ಎದ್ದು, ಯಾರ ಮೊಣಕೈ ಎಂದು ಕೇಳಿದ. ಎಲ್ಲರೂ ಕೈ ಚಾಚಿ ಅಳೆದುಕೊಂಡರು. 5:40. ಹೊರಗೆ ಕಾರುಗಳು ಬರತೊಡಗಿದ್ದವು, ನನ್ನ ನಾಲಿಗೆ ತುದಿಯಲ್ಲಿ ಉತ್ತರ ಸಿದ್ಧವಾಗಿತ್ತು. ಕ್ಲರ್ಕ್ ನನ್ನ ಕಡೆ ನೋಡಲೇ ಇಲ್ಲ. ಪುಸ್ತಕ ತೆರೆದು ನಿಧಾನವಾಗಿ ಬರೆದು ಓದಿದ: "ಕಡ್ಡಿಯ ಉದ್ದ ಇನ್ನೂ ಗೊತ್ತಾಗಿಲ್ಲ. ಮುಂದಿನ ಬುಧವಾರಕ್ಕೆ. ಅಲ್ಲಿಯವರೆಗೆ ನಡೆಯಿರಿ, ಓಡಬೇಡಿ."