ಹಲ್ಲಿಗೆ ಕ್ಲಿಪ್ ಹಾಕಿಸುವವರಿಗೆ ಒಂದೆರಡು ಮಾತು

ಕ್ಲಿಪ್ ಹಾಕಿಸುವ ಮುಂಚೆ ಹುಳುಕು, ಒಸಡಿನ ತೊಂದರೆ ಏನಿದ್ದರೂ ಸರಿಮಾಡಿಸಿಕೊಳ್ಳಿ. ಮೊದಲ 3-4 ದಿನ ಹಲ್ಲು ನೋಯುತ್ತದೆ, ಹೆದರಬೇಡಿ. ತಂತಿ ಹಲ್ಲನ್ನು ಮೆಲ್ಲಗೆ ತಳ್ಳುತ್ತಿದೆ ಅಷ್ಟೇ.

ನನಗೆ ಜಾಸ್ತಿ ಕಾಟ ಕೊಟ್ಟಿದ್ದು ದವಡೆ ಹಲ್ಲಿನ ಹತ್ತಿರ ಕೆನ್ನೆಗೆ ಚುಚ್ಚುತ್ತಿದ್ದ ತಂತಿಯ ತುದಿ. ಅದಕ್ಕೆ ಕ್ಲಿಪ್ಪಿಗೆ ಹಚ್ಚುವ ವ್ಯಾಕ್ಸ್ ಸಿಗುತ್ತದೆ. ಚಿಕ್ಕ ಕಾಳಿನಷ್ಟು ಚಿವುಟಿ, ಬೆರಳಲ್ಲಿ ಉಂಡೆ ಮಾಡಿ, ಆ ತಂತಿಯ ತುದಿಯನ್ನು ಟಿಶ್ಯೂನಿಂದ ಚೆನ್ನಾಗಿ ಒರೆಸಿ ಆಮೇಲೆ ಅದರ ಮೇಲೆ ಒತ್ತಿ. ಒದ್ದೆ ಇದ್ದರೆ ನಿಲ್ಲುವುದಿಲ್ಲ. ತಂತಿಯನ್ನು ನೀವೇ ಕತ್ತರಿಸಲು ಹೋಗಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ಬ್ರಷ್ ಮಾಡುವುದರಲ್ಲಿ ಮಾತ್ರ ಸೋಮಾರಿತನ ಬೇಡ. ಬ್ರಷ್ಷನ್ನು ತಂತಿಯ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ಓರೆಯಾಗಿ ಹಿಡಿದು ಉಜ್ಜಿ, ತಂತಿಯ ಅಡಿಯಲ್ಲಿ ಸಿಕ್ಕಿಕೊಂಡಿದ್ದನ್ನು ಹಲ್ಲಿನ ಸಂದಿಗೆ ಹೋಗುವ ಸಣ್ಣ ಬ್ರಷ್ಷಿನಿಂದ ತೆಗೆಯಿರಿ, ಇಲ್ಲದಿದ್ದರೆ ಕ್ಲಿಪ್ ತೆಗೆದ ದಿನ ಹಲ್ಲು ನೇರವಾಗಿರುತ್ತದೆ ನಿಜ, ಆದರೆ ಒಂದೊಂದು ಹಲ್ಲಿನ ಮೇಲೂ ಚೌಕಾಕಾರದ ಬಿಳಿ ಕಲೆ ಉಳಿದಿರುತ್ತದೆ. ಎಷ್ಟು ಬೇಜಾರು ಅಲ್ವಾ? ಗಟ್ಟಿ ತಿಂಡಿ, ಅಂಟು ಮಿಠಾಯಿ ಬಿಡಿ. ಹಣ್ಣನ್ನು ಕಚ್ಚಿ ತಿನ್ನಬೇಡಿ, ಹೆಚ್ಚಿಕೊಂಡು ತಿನ್ನಿ.

ಡಾಕ್ಟರು ಕ್ಲಿಪ್ಪಿಗೆ ಸಿಕ್ಕಿಸಲು ರಬ್ಬರ್ ಬ್ಯಾಂಡ್ ಕೊಟ್ಟಿದ್ದರೆ ಹೇಳಿದಷ್ಟು ಹೊತ್ತು ಹಾಕಿ. ಹಲ್ಲು ಬೇಗ ಸರಿಯಾದ ಜಾಗಕ್ಕೆ ಬರಲಿ ಅಂತ ಸುಮ್ನೆ ಎರಡೆರಡು ಹಾಕಬೇಡಿ.

ಕ್ಲಿಪ್ ತೆಗೆದ ಮೇಲೆ ರಿಟೇನರ್ (ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ, ತೆಗೆದು ಹಾಕುವ ಅಚ್ಚು) ಹಾಕದಿದ್ದರೆ ಹಲ್ಲು ಮತ್ತೆ ಹಳೇ ಜಾಗಕ್ಕೆ ಸರಿಯುತ್ತದೆ. ಅದನ್ನು ಬಿಸಿನೀರಲ್ಲಿ ತೊಳೆಯಬೇಡಿ, ಸೊಟ್ಟಗಾಗುತ್ತದೆ. ಊಟದ ಹೊತ್ತಲ್ಲಿ ಟಿಶ್ಯೂನಲ್ಲಿ ಸುತ್ತಿಡಬೇಡಿ, ಕಸ ಅಂತ ಬಿಸಾಡಿಬಿಡುತ್ತಾರೆ. ಡಬ್ಬಿಯಲ್ಲೇ ಇಡಿ.