ಜರ್ಮನಿಗೆ ಬಂದ ಹೊಸದ್ರಲ್ಲಿ ಊಟದ ಕಥೆ ಹೇಗೆ
ಇಲ್ಲಿ ತುಂಬಾ ಮನೇಲಿ ರಾತ್ರಿ ಊಟ ಅಂದ್ರೆ ತಣ್ಣಗಿನ ಬ್ರೆಡ್ಡು ಚೀಸು ಅಷ್ಟೇ, ಮೊದಲನೇ ವಾರ ಅಳುನೇ ಬರುತ್ತೆ, ಹಾಗಾಗಿ ಮಧ್ಯಾಹ್ನಾನೇ ಕ್ಯಾಂಟೀನಲ್ಲಿ ಬಿಸಿಬಿಸಿ ಏನಾದ್ರೂ ತಿನ್ಕೊಂಬಿಡಿ. ಮೊಸರನ್ನಕ್ಕೆ ಮಿಲ್ಖ್‌ರೈಸ್ ಅನ್ನೋ ಗುಂಡಕ್ಕಿ ಸಾಕು, ಮೆತ್ತಗೆ ಬೇಯುತ್ತೆ, ಆದ್ರೆ ಅದೇ ಹೆಸರಲ್ಲಿ ರೆಡಿಮೇಡ್ ಸಿಹಿ ಡಬ್ಬಿನೂ ಸಿಗುತ್ತೆ, ನಾನು ಅದಕ್ಕೆ ಒಗ್ಗರಣೆ ಹಾಕಿ ಕೆಟ್ಟೆ ಮಾರಾಯ್ರೆ! ಉಪ್ಪಿಟ್ಟಿಗೆ ಹಾರ್ಟ್‌ವೈಟ್ಸೆನ್‌ಗ್ರೀಸ್ ಅನ್ನೋ ಗಟ್ಟಿ ಗೋಧಿ ರವೆ ತಗೊಳಿ, ವೈಖ್‌ವೈಟ್ಸೆನ್ (ಮೆದು ಗೋಧಿ) ಅಂತಿದ್ರೆ ಅಂಟಂಟಾಗುತ್ತೆ. ತುಪ್ಪಕ್ಕೆ ಬುಟರ್‌ಶ್ಮಾಲ್ಟ್ಸ್. ವೆಜ್ ಆದ್ರೆ ಬೇಳೆ ಸೂಪಂತ ನಂಬ್ಬೇಡಿ, ಅದ್ರಲ್ಲೂ ಹಂದಿ ತುಂಡು ಇರ್ಬೋದು, ಕೇಳೇ ತಿನ್ನಿ. ಭಾನುವಾರ ಸೂಪರ್‌ಮಾರ್ಕೆಟ್ ಹೆಚ್ಚುಕಮ್ಮಿ ಎಲ್ಲಾ ಬಂದ್, ಶನಿವಾರವೇ ತರಕಾರಿ ತಂದಿಟ್ಕೊಳಿ. ಇಲ್ಲಿನ ಬ್ರೆಡ್ಡು ಗಟ್ಟಿ ಅನ್ಸಿದ್ರೆ ಟೋಸ್ಟ್ ಮಾಡಿ ಚಟ್ನಿಪುಡಿ ಹಚ್ಚಿ ನೋಡಿ, ಒಂದ್ ತಿಂಗಳಲ್ಲಿ ನಾನಂತೂ ಅದಕ್ಕೇ ಫ್ಯಾನ್ ಆಗೋದೆ.