ಟ್ಯಾಬ್‌ಗೆ ಲ್ಯಾನ್ ಕೇಬಲ್: ಇಡೀ ರಾತ್ರಿಯ ಯಕ್ಷಗಾನ ಕಾಲು ಗಂಟೆಯಲ್ಲಿ ದಾಟಿಸಿದ ನನ್ನ ಅನುಭವ

ಟ್ಯಾಬ್‌ಗೆ ಲ್ಯಾನ್ ಕೇಬಲ್ ಹಾಕಿ ವಿಡಿಯೊ ಕಳಿಸುತ್ತೇನೆ ಅಂದಾಗ ನಮ್ಮ ಕಡೆಯ ಕ್ಯಾಮೆರಾದವರು ಯಾರೂ ನಂಬಲಿಲ್ಲ. "ಹ್ವಾಯ್, ಟ್ಯಾಬಿಗ್ ನೆಟ್ ವಯರ್ ಹಾಕುದಾ? ಎಂತ ಮರ್ರೆ ನಿಮ್ದ್" ಎಂದು ಒಬ್ಬರು ನಕ್ಕೇಬಿಟ್ಟರು. ಈಗ ಅವರೇ ಫೋನ್ ಮಾಡಿ ಅಡಾಪ್ಟರ್ ಯಾವುದು ಅಂತ ಕೇಳುತ್ತಾರೆ. ಸುಮಾರು 90 ಜಿಬಿ, ಅಂದರೆ ಒಂದು ಪೂರ್ತಿ ರಾತ್ರಿಯ ಯಕ್ಷಗಾನದ (ನಾವು ಆಟ ಅನ್ನುತ್ತೇವೆ) ವಿಡಿಯೊ, ಕಂಪ್ಯೂಟರ್‌ನಿಂದ ಟ್ಯಾಬ್‌ಗೆ ಹದಿನಾರು ಹದಿನೇಳು ನಿಮಿಷದಲ್ಲಿ ಹೋಗುತ್ತದೆ. ವಾಪಸ್ ಬರುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು.

ನಾನು ಕುಂದಾಪುರದ ಸುತ್ತಮುತ್ತ ಹರಕೆ ಆಟ, ಅಂದರೆ ಹರಕೆ ಹೊತ್ತ ಮನೆಯವರು ಆಡಿಸುವ ಯಕ್ಷಗಾನ, ರೆಕಾರ್ಡ್ ಮಾಡುವವನು. ನವೆಂಬರ್‌ನಿಂದ ಮೇ ತನಕ ಮೇಳಕ್ಕೂ (ಯಕ್ಷಗಾನ ತಂಡಕ್ಕೂ) ತಿರುಗಾಟ, ನಮಗೂ ತಿರುಗಾಟ. ಮುಖ್ಯ ಕ್ಯಾಮೆರಾ ಫುಲ್ ಎಚ್‌ಡಿ, ಸೆಕೆಂಡಿಗೆ 25 ಮೆಗಾಬಿಟ್ (ಎಂಟು ಮೆಗಾಬಿಟ್ ಅಂದರೆ ಒಂದು ಎಂಬಿ). ಗಂಟೆಗೆ 11 ಜಿಬಿ ಚಿಲ್ಲರೆ. ಎರಡನೆಯದು 4ಕೆ, 100 ಮೆಗಾಬಿಟ್. ಅದು ಗಂಟೆಗೆ 45 ಜಿಬಿ ನುಂಗುತ್ತದೆ. ರಾತ್ರಿಪೂರ್ತಿ ಬಿಟ್ಟರೆ 360.

ಟ್ಯಾಬ್ ಯಾಕೆ ಬೇಕು ಅಂದರೆ, ಆಟ ಆಡಿಸಿದ ಮನೆಯವರ ಎದುರು ಕೂತು ಯಾವ ಪದ್ಯ ಇರಲಿ, ಯಾವುದು ಬೇಡ ಎಂದು ಆರಿಸುವುದಕ್ಕೆ. ಲ್ಯಾಪ್‌ಟಾಪ್ ಇಟ್ಟರೆ ಮನೆಯ ಹಿರಿಯರು ಮುಟ್ಟುವುದಿಲ್ಲ, ದೂರ ಕೂತು ತಲೆ ಅಲ್ಲಾಡಿಸುತ್ತಾರೆ. ಟ್ಯಾಬ್ ಕೈಗೆ ಕೊಟ್ಟರೆ ತಾವೇ ಬೆರಳಲ್ಲಿ ಎಳೆದು ಮಹಿಷಾಸುರನ ಪ್ರವೇಶ ಎಲ್ಲಿದೆಯೋ ಅಲ್ಲಿಗೆ ಹೋಗಿ ನಿಲ್ಲಿಸುತ್ತಾರೆ. ಅಲ್ಲೇ ಕಟ್ ಗುರುತು ಹಾಕಿಕೊಂಡು ಬಂದರೆ ಎಡಿಟಿಂಗ್ ಅರ್ಧ ಮುಗಿದ ಹಾಗೆ. ದುಡ್ಡೂ ಬೇಗ ಕೈ ಸೇರುತ್ತದೆ. ಆಟ ಮುಗಿಯುವುದು ಬೆಳಗಿನ ಜಾವ. ಹತ್ತು ಗಂಟೆಗೆ ಮನೆಯವರು ಕಾಯುತ್ತಿರುತ್ತಾರೆ. ಅವರ ನೆಂಟರು ಮಧ್ಯಾಹ್ನ ಬೆಂಗಳೂರು, ಮುಂಬೈ ಬಸ್ ಹತ್ತುವುದರೊಳಗೆ ಎಲ್ಲರಿಗೂ ತೋರಿಸಿ ಆಗಬೇಕು. ಹಾಗಾಗಿ ನನಗೆ ಸಿಗುವುದು ಒಂದೆರಡು ಗಂಟೆ, ಅದರಲ್ಲೇ ಸ್ನಾನ, ತಿಂಡಿ.

ಮೊದಲೆಲ್ಲ ಎಲ್ಲರ ಹಾಗೆ ಯುಎಸ್‌ಬಿ ಕೇಬಲ್ ಚುಚ್ಚಿ ಎಕ್ಸ್‌ಪ್ಲೋರರ್‌ನಲ್ಲಿ ಕಾಪಿ ಪೇಸ್ಟ್. ಹೀಗೆ ಕೇಬಲ್‌ನಲ್ಲಿ ಫೈಲ್ ದಾಟಿಸುವ ವಿಧಾನಕ್ಕೆ ಎಮ್‌ಟಿಪಿ ಅನ್ನುತ್ತಾರೆ, ಅದರ ಬುದ್ಧಿ ನಿಮಗೆ ಗೊತ್ತೇ ಇದೆ. ನನ್ನ ಹಳೆಯ ಟ್ಯಾಬ್‌ಗೆ ಟೈಪ್ ಸಿ ಬಾಯಿ ಇತ್ತು, ಒಳಗೆ ಮಾತ್ರ ಯುಎಸ್‌ಬಿ 2.0. ಸೆಕೆಂಡಿಗೆ 30 ಎಂಬಿ ಬಂದರೆ ಪುಣ್ಯ. 90 ಜಿಬಿಗೆ 50 ನಿಮಿಷ. ಅದೂ ಸುಸೂತ್ರ ನಡೆದರೆ. 70 ಪರ್ಸೆಂಟ್ ಆಗುವಾಗ ಕೇಬಲ್ ಚೂರು ಅಲುಗಿದರೂ ಮುಗಿಯಿತು, ಆ ಫೈಲ್ ಮತ್ತೆ ಸೊನ್ನೆಯಿಂದ. ಅರ್ಧ ಹೋದದ್ದನ್ನು ಅಲ್ಲಿಂದಲೇ ಮುಂದುವರಿಸುವುದು ಎಮ್‌ಟಿಪಿಗೆ ಬರುವುದಿಲ್ಲ. ಇನ್ನು ಟೈಪ್ ಸಿ ಬಾಯಿ ನೋಡಿ ಮೋಸ ಹೋಗಬೇಡಿ. 2022ರಲ್ಲಿ ಬಂದ ಹತ್ತನೇ ತಲೆಮಾರಿನ ಐಪ್ಯಾಡ್ ಕೂಡ ಟೈಪ್ ಸಿಯೇ, ವೇಗ ಮಾತ್ರ 480 ಮೆಗಾಬಿಟ್, ಅಂದರೆ ಅದೇ 2.0.

ಕಾರ್ಡ್‌ನಲ್ಲಿ ಹಾಕಿ ಕೊಡೋಣ ಎಂದು 512 ಜಿಬಿಯ ಮೈಕ್ರೋ ಎಸ್‌ಡಿ ತಂದೆ. ಸಾವಿರದ ನೂರೋ ಏನೋ ಕೊಟ್ಟಿದ್ದೆ. ಕಾರ್ಡ್‌ನ ನಿಜವಾದ ಜಾಗ ಅಳೆಯುವ ಎಚ್2ಟೆಸ್ಟ್‌ಡಬ್ಲ್ಯು ಪ್ರೋಗ್ರಾಂ ಓಡಿಸಿ ನೋಡಿದರೆ ನಿಜವಾಗಿ ಇದ್ದದ್ದು 32 ಜಿಬಿ ಚಿಲ್ಲರೆ, ಉಳಿದದ್ದೆಲ್ಲ ಗಾಳಿ. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಆಮೇಲೆ ಒಳ್ಳೆಯ ಕಂಪನಿಯ, ವಿ30 ಎಂಬ ವೇಗದ ಗುರುತಿರುವ ಕಾರ್ಡ್ ತಂದೆ. ಅದು ಸರಿಯಾಗೇ ಇತ್ತು, ಆದರೆ ಒಮ್ಮೆ ಬರೆದು, ತೆಗೆದು, ಟ್ಯಾಬ್‌ನ ಸೂಜಿ ಟ್ರೇಗೆ ಹಾಕಿ, ಕಟ್ ಮಾಡಿದ್ದನ್ನು ಮತ್ತೆ ಹೊರಗೆ ತೆಗೆಯುವುದು ದಿನಾ ಮಾಡುವ ಕೆಲಸವಲ್ಲ. ಪೆನ್‌ಡ್ರೈವ್ ಕಥೆಯೂ ಹಾಗೇ. ಡಬ್ಬಿಯ ಮೇಲೆ 150 ಎಂಬಿ ಅಂತ ಬರೆದಿರುತ್ತದೆ. ಮೊದಲ ನಾಲ್ಕೈದು ಜಿಬಿ ಓಡಿ, ಕ್ಯಾಶ್ (ಒಳಗಿನ ವೇಗದ ತಾತ್ಕಾಲಿಕ ಜಾಗ) ತುಂಬಿದ ಕೂಡಲೇ 15ಕ್ಕೆ ಕುಸಿಯುತ್ತದೆ. ಹಳೆಯ ಫ್ಯಾಟ್32 ಫಾರ್ಮ್ಯಾಟ್ ಇದ್ದರಂತೂ 4 ಜಿಬಿ ದಾಟಿದ ಫೈಲ್ ಹತ್ತುವುದೇ ಇಲ್ಲ.

ಒಂದು ಟಿಬಿಯ ಎಸ್‌ಎಸ್‌ಡಿ ನೇರ ಟ್ಯಾಬ್‌ಗೆ ಚುಚ್ಚುವುದು ಚೆನ್ನಾಗಿತ್ತು. ಏಳು ಸಾವಿರ ಆಯಿತು. ವೇಗದ ಬಗ್ಗೆ ಮಾತಿಲ್ಲ. ಆದರೆ ಟ್ಯಾಬ್‌ನ ಚಾರ್ಜ್ ಇಳಿಯುತ್ತಾ ಬಂದ ಹಾಗೆ ಡ್ರೈವ್ ತಾನೇ ಕಳಚಿಕೊಳ್ಳಲು ಶುರು ಮಾಡಿತು. ಅದರ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್, ಅದಕ್ಕೆ ಜರ್ನಲ್ (ಅರ್ಧಕ್ಕೆ ನಿಂತ ಬರಹ ಸರಿಪಡಿಸಲು ಇಡುವ ದಾಖಲೆ) ಇಲ್ಲ. ಬರೆಯುವಾಗ ಕಳಚಿದರೆ ಫೋಲ್ಡರ್ ಸಮೇತ ಗೋತಾ. ಮನೆಯವರ ಎದುರೇ "ಡ್ರೈವ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಲಾ?" ಎಂದು ಟ್ಯಾಬ್ ಕೇಳಿತು. ಈಗಲೂ ಆ ಎಸ್‌ಎಸ್‌ಡಿ ಇದೆ, ಬ್ಯಾಕಪ್‌ಗೆ ಮಾತ್ರ.

ಕ್ಲೌಡ್ ಅನ್ನುವವರು ಲೆಕ್ಕ ಹಾಕಿ ನೋಡಿ. 40 ಮೆಗಾಬಿಟ್ ಫೈಬರ್‌ನಲ್ಲಿ 90 ಜಿಬಿ ಮೇಲೆ ಹತ್ತಲು ಐದು ಗಂಟೆ, ಕೆಳಗಿಳಿಯಲು ಇನ್ನೈದು ಗಂಟೆ. ಅಷ್ಟರಲ್ಲಿ ಮುಂದಿನ ಆಟದ ಚೌಕಿ (ವೇಷ ಕಟ್ಟುವ ಜಾಗ) ಕಟ್ಟಿ ಆಗಿರುತ್ತದೆ.

ವೈಫೈಗೆ ನಾನು ಸುರಿದ ದುಡ್ಡು, ಹೊತ್ತು ಬೇರೆ ಯಾವುದಕ್ಕೂ ಸುರಿದಿಲ್ಲ. 2020ರ ಜೂನ್‌ನಲ್ಲಿ 59 ಆ್ಯಪ್ ಬ್ಯಾನ್ ಆದಾಗ ಫೈಲ್ ಕಳಿಸುವ ಶೇರ್‌ಇಟ್, ಝೆಂಡರ್ ಎರಡೂ ಹೋದವು. ಆಮೇಲೆ ಲೋಕಲ್‌ಸೆಂಡ್ ಹಿಡಿದೆ. ಆ್ಯಪ್ ಬಂಗಾರದಂಥದ್ದು, ಫೋಟೊ ಕಳಿಸಲು ಇವತ್ತಿಗೂ ಅದೇ. ದೊಡ್ಡ ಫೈಲ್‌ಗೆ ಮಾತ್ರ ದಾರಿ ಸಾಲದು. 2.4 ಗಿಗಾಹರ್ಟ್ಸ್‌ನಲ್ಲಿ ನಮ್ಮ ಮನೆಯಲ್ಲಿ ಸಿಗುವುದು ಸೆಕೆಂಡಿಗೆ 4 ಎಂಬಿ. 90 ಜಿಬಿಗೆ ಆರು ಗಂಟೆ ಮೀರುತ್ತದೆ. 5 ಗಿಗಾಹರ್ಟ್ಸ್‌ನ ಹೊಸ ರೂಟರ್‌ಗೆ ಎರಡು ಸಾವಿರ ಕೊಟ್ಟೆ. ಡಬ್ಬಿಯ ಮೇಲೆ 1200 ಎಂದು ದೊಡ್ಡದಾಗಿ ಬರೆದಿತ್ತು. ಕಂಪ್ಯೂಟರ್ ಅದಕ್ಕೆ ಲ್ಯಾನ್‌ನಲ್ಲಿ, ಟ್ಯಾಬ್ ವೈಫೈನಲ್ಲಿ. ವೇಗ ನೋಡಿದರೆ 11 ಎಂಬಿ, ಒಂದು ಚೂರೂ ಮೇಲೆ ಹೋಗುತ್ತಿಲ್ಲ. ಹೀಗೆ 11ರಲ್ಲೇ ನಿಂತರೆ ಎಲ್ಲೋ 100 ಮೆಗಾಬಿಟ್ ಪೋರ್ಟ್ ಇದೆ ಅಂತಲೇ ಅರ್ಥ. ರೂಟರ್‌ನ ಹಿಂದಿನ ಪೋರ್ಟ್‌ಗಳೆಲ್ಲ 100ರವು! ಗಾಳಿಯಲ್ಲಿ 5 ಗಿಗಾಹರ್ಟ್ಸ್‌ಗೆ 867 ಮೆಗಾಬಿಟ್, ತಂತಿಯಲ್ಲಿ 100. ಇದನ್ನು ಡಬ್ಬಿಯ ಮೇಲೆ ಯಾರೂ ದೊಡ್ಡದಾಗಿ ಬರೆಯುವುದಿಲ್ಲ, ಅಲ್ವಾ?

ಗಿಗಾಬಿಟ್ ರೂಟರ್ ತಂದೆ, ಮತ್ತೆ ಮೂರು ಸಾವಿರ. ಆಗಲೂ 11. ಈ ಸಲ ಕೇಬಲ್. ನೆಟ್ ಹಾಕಲು ಬಂದ ಹುಡುಗ ಎಂಟು ಎಳೆಯಲ್ಲಿ ನಾಲ್ಕನ್ನು ಮಾತ್ರ ಒತ್ತಿ ಹೋಗಿದ್ದ. ನಾಲ್ಕು ಎಳೆಗೆ 100 ಮೆಗಾಬಿಟ್ ಬರುತ್ತದೆ, ಗಿಗಾಬಿಟ್‌ಗೆ ಎಂಟೂ ಬೇಕು. ವಿಂಡೋಸ್‌ನಲ್ಲಿ ಲಿಂಕ್ ಸ್ಪೀಡ್ 100/100 ಅಂತ ತೋರಿಸಿದರೆ ಮೊದಲು ಕನೆಕ್ಟರ್‌ನ ಪಾರದರ್ಶಕ ತುದಿಯನ್ನು ಬೆಳಕಿಗೆ ಹಿಡಿದು ಬಣ್ಣ ಎಣಿಸಿ. ಕೇಬಲ್ ಬದಲಿಸಿದ ಮೇಲೆ 45, ಒಮ್ಮೊಮ್ಮೆ 55 ಬಂತು. ಪಕ್ಕದ ಕೋಣೆಗೆ ಹೋದರೆ 20. ನಮ್ಮದು ಕೆಂಪು ಕಲ್ಲಿನ ಗೋಡೆ. 5 ಗಿಗಾಹರ್ಟ್ಸ್ ಅದರ ಮುಂದೆ ಸೋಲುತ್ತದೆ.

ನಡುವೆ ಒಂದು ಪ್ರಯೋಗ ಮಾಡಿದೆ. ಕಾಪಿಯೇ ಮಾಡದೆ, ಕಂಪ್ಯೂಟರ್‌ನ ಫೋಲ್ಡರ್ ಶೇರ್ ಮಾಡಿ ಟ್ಯಾಬ್‌ನ ವಿಎಲ್‌ಸಿ ಪ್ಲೇಯರ್‌ನಲ್ಲಿ ನೇರ ಪ್ಲೇ ಮಾಡುವುದು. ಸುಮ್ನೆ ನೋಡಲು ಅಡ್ಡಿಯಿಲ್ಲ. ಆದರೆ ಬೆರಳಲ್ಲಿ ಎಳೆದರೆ ಚಿತ್ರ ಎರಡು ಸೆಕೆಂಡ್ ತಡವಾಗಿ ಬರುತ್ತದೆ. ಚೆಂಡೆಯ ಮುಕ್ತಾಯಕ್ಕೆ ಸರಿಯಾಗಿ ಕಟ್ ಗುರುತು ಹಾಕಬೇಕಾದಾಗ ಅದು ಆಗದ ಮಾತು. ಅಲ್ಲದೆ ಆರಿಸುವ ಕೆಲಸ ನಡೆಯುವುದು ಬೇರೆಯವರ ಮನೆಯಲ್ಲಿ.

ಇಷ್ಟೆಲ್ಲ ಆದ ಮೇಲೆ ಅನಿಸಿತು, ಕಂಪ್ಯೂಟರ್ ಲ್ಯಾನ್‌ನಲ್ಲಿದೆ, ಟ್ಯಾಬ್ ಮಾತ್ರ ಯಾಕೆ ಗಾಳಿಯಲ್ಲಿರಬೇಕು? ಐಡಿಯಾ ನಡೆಯುತ್ತದಾ ಎಂದು ನೋಡಲು 450 ರೂಪಾಯಿಯ 100 ಮೆಗಾಬಿಟ್ ಅಡಾಪ್ಟರ್ ತರಿಸಿದೆ. ಚುಚ್ಚಿದ ಕೂಡಲೇ ಟ್ಯಾಬ್‌ನ ಮೇಲುಪಟ್ಟಿಯಲ್ಲಿ ಲ್ಯಾನ್ ಗುರುತು ಬಂತು. ಡ್ರೈವರ್ ಇಲ್ಲ, ಆ್ಯಪ್ ಇಲ್ಲ. ಧೈರ್ಯ ಬಂತು. ಆಮೇಲೆ ಗಿಗಾಬಿಟ್ ಲ್ಯಾನ್ ಮತ್ತು ಚಾರ್ಜಿಂಗ್ ಎರಡೂ ಇರುವ ಟೈಪ್ ಸಿ ಹಬ್ ತೆಗೆದುಕೊಂಡೆ, ಎರಡೂವರೆ ಸಾವಿರದ ಆಸುಪಾಸು. ಒಳಗೆ ರಿಯಲ್‌ಟೆಕ್ 8153 ಚಿಪ್. ಏಸಿಕ್ಸ್ 88179 ಇರುವುದೂ ಆಂಡ್ರಾಯ್ಡ್‌ನಲ್ಲಿ ನಡೆಯುತ್ತದೆ. ಎರಡು ಮೀಟರ್ ಕ್ಯಾಟ್ 6 ಕೇಬಲ್ ಇನ್ನೂರೈವತ್ತು. ಟ್ಯಾಬ್ ಹೇಗೂ ಹೊಸದು ಬಂದಿತ್ತು, ಯುಎಸ್‌ಬಿ 3 ಇರುವುದು. ಹಳೆಯದಕ್ಕೆ ಇದೇ ಹಬ್ ಹಾಕಿದರೆ 35 ಎಂಬಿ ದಾಟುವುದಿಲ್ಲ. ಆದರೂ ಎಮ್‌ಟಿಪಿಗಿಂತ ನೆಮ್ಮದಿ.

ರೂಟರ್ ಕೂಡ ನಡುವೆ ಬೇಡ ಎಂದು ಕಂಪ್ಯೂಟರ್‌ನಿಂದ ನೇರ ಟ್ಯಾಬ್‌ಗೆ ಹಾಕಿದ್ದೇನೆ. ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, ಕೊಡುವವರು ಯಾರು? ವಿಂಡೋಸ್‌ನಲ್ಲಿ ಇಂಟರ್ನೆಟ್ ಕನೆಕ್ಷನ್ ಶೇರಿಂಗ್ ಆನ್ ಮಾಡಿ. ಕಂಪ್ಯೂಟರ್ ತನಗೆ 192.168.137.1 ಇಟ್ಟುಕೊಂಡು ಟ್ಯಾಬ್‌ಗೆ ತಾನೇ ಒಂದು ಐಪಿ ಕೊಡುತ್ತದೆ. ಜೊತೆಗೆ ಟ್ಯಾಬ್‌ಗೆ ನೆಟ್ಟೂ ಸಿಗುತ್ತದೆ. ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಕೆಲವೊಮ್ಮೆ ಈ ಶೇರಿಂಗ್ ಸತ್ತಿರುತ್ತದೆ, ಟಿಕ್ ತೆಗೆದು ಮತ್ತೆ ಹಾಕಬೇಕು. ಟ್ಯಾಬ್‌ನ ವೈಫೈ ಆಫ್ ಮಾಡಿಬಿಡಿ. ಇಲ್ಲದಿದ್ದರೆ ಎರಡು ಐಪಿ ತೋರಿಸಿ ತಲೆ ತಿನ್ನುತ್ತದೆ.

ಟ್ಯಾಬ್‌ನಲ್ಲಿ ಎಫ್‌ಟಿಪಿ (ನೆಟ್‌ವರ್ಕ್‌ನಲ್ಲಿ ಫೈಲ್ ದಾಟಿಸುವ ವಿಧಾನ) ಸರ್ವರ್ ಆ್ಯಪ್, ಕಂಪ್ಯೂಟರ್‌ನಲ್ಲಿ ಅದಕ್ಕೆ ಫೈಲ್ ಕಳಿಸುವ ಫೈಲ್‌ಜಿಲ್ಲಾ ಪ್ರೋಗ್ರಾಂ. ಗುಪ್ತಗೊಳಿಸಿ ಕಳಿಸುವ ಎಸ್‌ಎಫ್‌ಟಿಪಿ ಬೇಡ. ಎನ್‌ಕ್ರಿಪ್ಷನ್‌ನಿಂದ ಟ್ಯಾಬ್ ಬಿಸಿಯಾಗಿ ವೇಗ ಅರ್ಧಕ್ಕೆ ಇಳಿಯಿತು. ಎರಡು ಮೀಟರ್ ತಂತಿಯಲ್ಲಿ ಕದಿಯುವವರು ಯಾರು? ಫೈಲ್‌ಜಿಲ್ಲಾದಲ್ಲಿ ಫೈಲ್ ಮೊದಲೇ ಇದ್ದರೆ ರೆಸ್ಯೂಮ್ ಎಂದು ಇಡಿ. ಎಫ್‌ಟಿಪಿ ಆ್ಯಪ್‌ಗೆ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಯಾವ ಮಿತಿಯೂ ಇಲ್ಲದ ಹಾಗೆ ಮಾಡಿ. ಇಲ್ಲದಿದ್ದರೆ ಸ್ಕ್ರೀನ್ ಆರಿದ ಮೇಲೆ ಅದೂ ಮಲಗುತ್ತದೆ. ಬರೆಯುವುದು ಟ್ಯಾಬ್‌ನ ಒಳಗಿನ ಸ್ಟೋರೇಜ್‌ಗೆ ಮಾತ್ರ. ಎಸ್‌ಡಿ ಕಾರ್ಡ್‌ಗೆ ಬರೆಸಿದರೆ 20, 25ಕ್ಕೆ ಬರುತ್ತದೆ.

ಶುರುವಿನಲ್ಲಿ ಸೆಕೆಂಡಿಗೆ 105 ಎಂಬಿ ತೋರಿಸುತ್ತದೆ. ಅರ್ಧ ದಾರಿಯಲ್ಲಿ ಬಿಸಿಯಾಗಿ 85ಕ್ಕೆ ಇಳಿಯುತ್ತದೆ. ನಾನು ಟ್ಯಾಬ್‌ನ ಕವರ್ ಕಳಚಿ ಸ್ಟೀಲ್ ತಟ್ಟೆಯ ಮೇಲೆ ಇಡುತ್ತೇನೆ. ನಗಬೇಡಿ, ಐದಾರು ಎಂಬಿ ಮೇಲೆ ಬರುತ್ತದೆ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ವೇಗವಲ್ಲ, ಕರೆಂಟ್ ಹೋದಾಗಿನ ನಡವಳಿಕೆ. ಮೇ ತಿಂಗಳ ಗುಡುಗು ಮಳೆಗೆ ಕರೆಂಟ್ ಹೋಗುವುದು ಇಲ್ಲಿ ಮಾಮೂಲು. ಕಂಪ್ಯೂಟರ್ ಯುಪಿಎಸ್‌ನಲ್ಲಿರುತ್ತದೆ, ಹಬ್‌ನ ಚಾರ್ಜರ್ ಇರುವುದಿಲ್ಲ. ಚಾರ್ಜರ್ ಸತ್ತ ಕ್ಷಣಕ್ಕೆ ಹಬ್ ಒಮ್ಮೆ ಕಳಚಿ ಮತ್ತೆ ಹತ್ತುತ್ತದೆ. ಲ್ಯಾನ್ ದೀಪ ಆರಿ, ಮೂರು ನಾಲ್ಕು ಸೆಕೆಂಡಿಗೆ ಮತ್ತೆ ಮಿನುಗುತ್ತದೆ. ಫೈಲ್‌ಜಿಲ್ಲಾ ಒಂದು ಕೆಂಪು ಸಾಲು ಬರೆದು, ತಾನೇ ಮತ್ತೆ ಕನೆಕ್ಟ್ ಆಗಿ, 61 ಜಿಬಿಯಲ್ಲಿ ನಿಂತದ್ದನ್ನು 61ರಿಂದಲೇ ಮುಂದುವರಿಸಿತು. ಎಮ್‌ಟಿಪಿಯಾಗಿದ್ದರೆ ಆ ಬೆಳಿಗ್ಗೆ ನಾನು ತಿಂಡಿ ಬಿಡಬೇಕಿತ್ತು.

ಯುಎಸ್‌ಬಿ 3 ಕೇಬಲ್‌ನಲ್ಲಿ ಎಡಿಬಿ (ಆಂಡ್ರಾಯ್ಡ್ ಡೆವಲಪರ್‌ಗಳ ಕಮಾಂಡ್ ಸಾಧನ) ಪುಶ್ ಮಾಡಿದರೆ ಇನ್ನೂ ಬೇಗ ಅಲ್ವಾ ಎಂದು ಕೇಳುವವರಿದ್ದಾರೆ. ಹೌದು, ಬೇಗ. ಆದರೆ ಡೆವಲಪರ್ ಆಪ್ಷನ್ ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದಿಲ್ಲ, ಮನೆಯವರಿಂದ ನಾನು ದುಡ್ಡು ತೆಗೆದುಕೊಳ್ಳುವುದು ಅದೇ ಟ್ಯಾಬ್‌ನಲ್ಲಿ. ಅರ್ಧಕ್ಕೆ ನಿಂತರೆ ಮತ್ತೆ ಮೊದಲಿನಿಂದ. ಕೇಬಲ್ ತೀರಾ ಉದ್ದವಾದರೆ ಭರವಸೆ ಇಲ್ಲ. ಲ್ಯಾನ್ ಕೇಬಲನ್ನು ಹತ್ತು ಮೀಟರ್ ಎಳೆದು ಅಡುಗೆಮನೆ ತನಕ ತಂದಿದ್ದೇನೆ, ವೇಗ ಹಾಗೇ ಇತ್ತು.

4ಕೆ ಕ್ಯಾಮೆರಾದ ಫೈಲ್ ಮಾತ್ರ ಹೀಗೆ ಪೂರ್ತಿ ಕಳಿಸುವುದಿಲ್ಲ. ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ನಲ್ಲಿ 8 ಮೆಗಾಬಿಟ್‌ನ ಪ್ರಾಕ್ಸಿ (ನೋಡಿ ಆರಿಸಲು ಸಾಕಾಗುವ ಹಗುರ ಪ್ರತಿ) ಮಾಡಿ ಅದನ್ನು ಕಳಿಸುತ್ತೇನೆ, 360 ಹೋಗಿ 29 ಜಿಬಿ. ಮೊದಲು 4 ಮೆಗಾಬಿಟ್ ಸಾಕು ಅಂದುಕೊಂಡಿದ್ದೆ. ಭಾಗವತರು ಕೂತು ಹಾಡುವಾಗ ಸಾಕು ಕೂಡ. ದೊಂದಿಗೆ ರಾಳ ಎರಚಿ ಬೆಂಕಿ ಭಗ್ಗೆಂದಾಗ ಪರದೆ ಪೂರ್ತಿ ಚೌಕ ಚೌಕ ಒಡೆಯಿತು. ಮನೆಯವರು ನೋಡಲು ಕಾಯುವುದೇ ಅದನ್ನು! ಟ್ಯಾಬ್‌ನಲ್ಲಿ ಹಾಕಿದ ಕಟ್ ಗುರುತುಗಳು ವಾಪಸ್ ಬಂದು 4ಕೆ ಫೈಲ್‌ನ ಮೇಲೆ ತಾವಾಗಿಯೇ ಕೂರುವ ಹಾಗೆ ಒಂದು ಸಣ್ಣ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಕೇಬಲ್ ಚುಚ್ಚಿದರೆ ಸಾಕು, ಅದು ಓಡುತ್ತದೆ. ಅದನ್ನು ಇಲ್ಲಿ ಹಾಕುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಹೊಟ್ಟೆಪಾಡೂ ನಡೆಯಬೇಕಲ್ಲ.

ಟ್ಯಾಬ್‌ನಿಂದ ವಾಪಸ್ ಬಂದ ಫೈಲ್ ಸೈಜ್ ಸರಿ ಇದೆ ಎಂದು ಮೂಲ ಅಳಿಸಬೇಡಿ. ಈ ಕಡೆ ವಿಂಡೋಸ್‌ನ ಸರ್ಟ್‌ಯುಟಿಲ್ ಕಮಾಂಡ್, ಆ ಕಡೆ ಟ್ಯಾಬ್‌ನ ಟರ್ಮಕ್ಸ್ ಆ್ಯಪ್‌ನಲ್ಲಿ ಎಸ್‌ಎಚ್‌ಎ 256 (ಫೈಲ್‌ನ ಬೆರಳಚ್ಚಿನಂಥ ಸಂಕೇತ) ತೆಗೆದು, ಎರಡೂ ತಾಳೆಯಾದ ಮೇಲೆ ಡಿಲೀಟ್.

ಐಪ್ಯಾಡ್ ಇರುವವರು ಉಲ್ಟಾ ಮಾಡಿ. ಫೋಲ್ಡರ್ ಶೇರ್ ಮಾಡುವುದು ಕಂಪ್ಯೂಟರ್, ಎಳೆದುಕೊಳ್ಳುವುದು ಐಪ್ಯಾಡ್. ಫೈಲ್ಸ್ ಆ್ಯಪ್‌ನಲ್ಲಿ ಸರ್ವರ್‌ಗೆ ಕನೆಕ್ಟ್ ಆಗುವ ಸೌಲಭ್ಯ 2019ರ ಐಪ್ಯಾಡ್‌ಓಎಸ್ 13ರಿಂದಲೇ ಇದೆ. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದ ಮೇಲೆ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರಿಂಗ್ ನೆಚ್ಚಿಕೊಳ್ಳುವ ಹಾಗಿಲ್ಲ. ಅದಕ್ಕೆಂದೇ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಇರುವ ಬೇರೆ ಯೂಸರ್ ಒಂದನ್ನು ಮಾಡಿ ಇಡಿ. ಸ್ನೇಹಿತರೊಬ್ಬರ ಐಪ್ಯಾಡ್‌ನಲ್ಲಿ ಹೀಗೆ ಹಾಕಿಕೊಟ್ಟೆ, 80ರ ಹತ್ತಿರ ಬಂತು.

ಎರಡೂವರೆ ಗಿಗಾಬಿಟ್ ಅಡಾಪ್ಟರ್ ಕೂಡ ನೋಡಿದ್ದೇನೆ. ಕಂಪ್ಯೂಟರ್‌ಗೂ ಬೇರೆ ಕಾರ್ಡ್ ಹಾಕಬೇಕು, ಎರಡೂ ಸೇರಿ ಐದು ಸಾವಿರದ ಹತ್ತಿರ. ಹದಿನಾರು ನಿಮಿಷ ಹತ್ತಾದರೆ ನನಗೆ ಉಳಿಯುವುದು ಒಂದು ಚಾ ಕುಡಿಯುವ ಹೊತ್ತು. ಈ ತಿರುಗಾಟಕ್ಕೆ ಇರುವುದೇ ಸಾಕು.